ಬಾಯಿಗೆ ಬಂದ ನೂರು, ಕೈಗೆ ಬಾರದ ನಾಲ್ಕು
ಪುಟ್ಟ ಮಕ್ಕಳಿಗೆ ಮನೆಯಲ್ಲೇ, ಆಟದಲ್ಲೇ ಲೆಕ್ಕದ ಬುನಾದಿ

ಮನೆಗೆ ನೆಂಟರು ಬಂದರೆ ಮೂರು ವರ್ಷದ ಮಗುವನ್ನು ಎದುರು ನಿಲ್ಲಿಸಿ, “ಮೋನೇ, ಒನ್ ಟೂ ಹೇಳು ನೋಡುವ” ಎನ್ನುವುದು ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಉಂಟು. ಮಗು ಒಂದೇ ಉಸಿರಿಗೆ ಇಪ್ಪತ್ತರವರೆಗೆ ಹೇಳಿ ಮುಗಿಸುತ್ತದೆ. “ಮಾಷಾ ಅಲ್ಲಾಹ್, ಎಷ್ಟು ಚುರುಕು!” ಎಂದು ಎಲ್ಲರಿಗೂ ಖುಷಿ. ಈಗ ಅದೇ ಮಗುವಿಗೆ, “ಅಡುಗೆ ಕೋಣೆಯಿಂದ ನಾಲ್ಕು ಚಮಚ ತಾ” ಎಂದು ಹೇಳಿ ನೋಡಿ. ಹೆಚ್ಚಿನ ಮಕ್ಕಳು ಮುಷ್ಟಿಗೆ ಸಿಕ್ಕಿದಷ್ಟು ಚಮಚ ತಂದು ಮುಂದೆ ಹಾಕುತ್ತಾರೆ. ಏಳು ಇರಬಹುದು, ಎರಡು ಇರಬಹುದು.

ಇದು ಮಗುವಿನ ದಡ್ಡತನ ಅಲ್ಲ, ಉಡಾಫೆಯೂ ಅಲ್ಲ. ಬಾಯಿಗೆ ಬಂದದ್ದು ಇನ್ನೂ ಕೈಗೆ ಬಂದಿಲ್ಲ, ಅಷ್ಟೇ. ಆದರೆ ಈ ವ್ಯತ್ಯಾಸ ನಮಗೆ ಗೊತ್ತಿಲ್ಲದಿದ್ದರೆ ತೊಂದರೆ ಶುರುವಾಗುತ್ತದೆ. ಇಪ್ಪತ್ತು ಹೇಳಿದ ಮಗುವಿಗೆ ನಾವು ಐವತ್ತು ಕಲಿಸುತ್ತೇವೆ, ಮತ್ತೆ ನೂರು. ನಂತರ ಪೆನ್ಸಿಲು ಹಿಡಿಸಿ ಪುಟಗಟ್ಟಲೆ ಬರೆಸುತ್ತೇವೆ. ಶಾಲೆಗೆ ಸೇರಿದ ಮೇಲೆ ಟೀಚರ್ “ಐದಕ್ಕಿಂತ ಎರಡು ಹೆಚ್ಚು ಎಷ್ಟು?” ಎಂದು ಕೇಳಿದಾಗ ಮಗು ಕಕ್ಕಾಬಿಕ್ಕಿ. ಆಗ ಮನೆಯಲ್ಲಿ ಬರುವ ಮಾತು, “ಇವನಿಗೆ ಲೆಕ್ಕ ತಲೆಗೆ ಹೋಗುವುದಿಲ್ಲ. ನನಗೂ ಹೋಗುತ್ತಿರಲಿಲ್ಲ.” ಹೆಣ್ಣುಮಗುವಾದರಂತೂ ಈ ಮಾತು ಇನ್ನೂ ಬೇಗ ಬರುತ್ತದೆ. ಆರೇಳು ವರ್ಷದಲ್ಲೇ ಒಂದು ಮಗುವಿನ ಮೇಲೆ ಹೀಗೊಂದು ಮುದ್ರೆ ಬಿದ್ದರೆ, ಅದನ್ನು ಅಳಿಸಲು ಹತ್ತನೇ ತರಗತಿವರೆಗೂ ಆಗುವುದಿಲ್ಲ.

ಇದನ್ನು ತಡೆಯುವ ಸಾಮಾನು ಅಂಗಡಿಯಲ್ಲಿ ಸಿಗುವುದಲ್ಲ, ನಮ್ಮ ಮನೆಯಲ್ಲೇ ಇದೆ. ಅದನ್ನು ಬಳಸುವುದು ಹೇಗೆ ಎಂಬುದೇ ಈ ವಾರದ ವಿಷಯ.

ಎಣಿಕೆ ಎಂದರೆ ಹಾಡಲ್ಲ

ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಶೆಲ್ ಗೆಲ್ಮನ್ ಮತ್ತು ರ‍್ಯಾಂಡಿ ಗ್ಯಾಲಿಸ್ಟೆಲ್ 1978ರಲ್ಲಿ ಪುಟ್ಟ ಮಕ್ಕಳ ಎಣಿಕೆಯ ಬಗ್ಗೆ ಒಂದು ಪುಸ್ತಕ ಬರೆದರು. ಎಣಿಸುವುದು ಎಂದರೆ ಒಂದೇ ಕೆಲಸ ಅಲ್ಲ, ಅದರೊಳಗೆ ಐದು ತಿಳಿವಳಿಕೆಗಳಿವೆ ಎಂದು ಅವರು ತೋರಿಸಿಕೊಟ್ಟರು. ಒಂದು, ಪ್ರತಿ ವಸ್ತುವಿಗೆ ಒಂದೇ ಒಂದು ಸಂಖ್ಯೆ. ಎರಡು, ಸಂಖ್ಯೆಗಳ ಕ್ರಮ ಯಾವಾಗಲೂ ಅದೇ. ಮೂರು, ಕೊನೆಯಲ್ಲಿ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟು ಎಂಬುದಕ್ಕೆ ಉತ್ತರ. ನಾಲ್ಕು, ಯಾವ ವಸ್ತುವನ್ನೂ ಎಣಿಸಬಹುದು, ಮೀನನ್ನೂ, ಚಪ್ಪಾಳೆಯನ್ನೂ. ಐದು, ಎಡದಿಂದ ಎಣಿಸಿದರೂ ಬಲದಿಂದ ಎಣಿಸಿದರೂ ಒಟ್ಟು ಬದಲಾಗುವುದಿಲ್ಲ.

ನೆಂಟರ ಎದುರು ಮಗು ಹೇಳುವ “ಒನ್ ಟೂ ತ್ರೀ”ಯಲ್ಲಿ ಇರುವುದು ಈ ಐದರಲ್ಲಿ ಒಂದೇ, ಕ್ರಮ ಮಾತ್ರ. ಅದು ಬೇಕು, ಬೇಡ ಎಂದಲ್ಲ. ಆದರೆ ಉಳಿದ ನಾಲ್ಕು ಬಾಯಿಪಾಠದಿಂದ ಬರುವುದಿಲ್ಲ, ವಸ್ತುವನ್ನು ಮುಟ್ಟಿ, ಎತ್ತಿ, ಹಂಚಿಯೇ ಬರಬೇಕು.

ಇವುಗಳಲ್ಲಿ ಮೂರನೆಯದೇ ದೊಡ್ಡ ಮೆಟ್ಟಿಲು. ಮಗುವಿನ ಮುಂದೆ ಐದು ಬಿಸ್ಕತ್ತು ಇಟ್ಟು ಎಣಿಸಲು ಹೇಳಿ. “ಒಂದು, ಎರಡು, ಮೂರು, ನಾಲ್ಕು, ಐದು” ಎಂದು ಸರಿಯಾಗಿಯೇ ಎಣಿಸುತ್ತದೆ. ಕೂಡಲೇ “ಹಾಗಾದರೆ ಎಷ್ಟು ಬಿಸ್ಕತ್ತು ಉಂಟು?” ಎಂದು ಕೇಳಿ. “ಐದು” ಎನ್ನುವ ಬದಲು ಮಗು ಪುನಃ ಒಂದರಿಂದ ಎಣಿಸಲು ಶುರು ಮಾಡುತ್ತದೆ. ಅದಕ್ಕೆ ‘ಐದು’ ಎಂಬುದು ಐದನೇ ಬಿಸ್ಕತ್ತಿನ ಹೆಸರು, ಇಡೀ ಗುಂಪಿನ ಹೆಸರಲ್ಲ.

ಈ ಮೆಟ್ಟಿಲನ್ನು ಮಕ್ಕಳು ಹೇಗೆ ಹತ್ತುತ್ತಾರೆ ಎಂದು ಕ್ಯಾರನ್ ವಿನ್ ಎಂಬ ಸಂಶೋಧಕಿ 1990ರ ಹೊತ್ತಿಗೆ ವಿವರವಾಗಿ ನೋಡಿದರು. ಸುಮಾರು ಎರಡೂವರೆ ವರ್ಷಕ್ಕೆ ಮಗುವಿಗೆ ‘ಒಂದು’ ಎಂದರೆ ಒಂದೇ ಎಂದು ಗೊತ್ತಾಗುತ್ತದೆ. ಅದರಾಚೆ ಏನು ಕೇಳಿದರೂ ಒಂದು ಹಿಡಿ ಕೊಡುತ್ತದೆ. ಕೆಲವು ತಿಂಗಳು ಕಳೆದು ‘ಎರಡು’ ತಿಳಿಯುತ್ತದೆ, ಇನ್ನೂ ಕೆಲವು ತಿಂಗಳಿಗೆ ‘ಮೂರು’. ಮೂರೂವರೆಯಿಂದ ನಾಲ್ಕು ವರ್ಷದ ಆಸುಪಾಸಿನಲ್ಲಿ ಒಂದು ದಿನ ಎಣಿಕೆಯ ಗುಟ್ಟು ಪೂರ್ತಿ ತಿಳಿದು, ಕೇಳಿದಷ್ಟನ್ನು ಎಣಿಸಿ ಕೊಡುತ್ತದೆ. ಒಂದರಿಂದ ನಾಲ್ಕಕ್ಕೆ ಬರಲು ಒಂದು ವರ್ಷಕ್ಕೂ ಹೆಚ್ಚು! ದೊಡ್ಡವರಿಗೆ ಇದು ವಿಚಿತ್ರ ಎನಿಸಬಹುದು. ಆದರೆ ಮಗು ನಡೆಯಲು ಕಲಿಯುವ ಮೊದಲು ತೆವಳುವ ಹಾಗೆ ಇದೂ ಒಂದು ದಾರಿ. ಅವಸರ ಮಾಡಿದರೆ ಬೇಗ ಮುಗಿಯುವುದಿಲ್ಲ. ಜೊತೆಗೆ ನಡೆದರೆ ಮಾತ್ರ ಸಲೀಸಾಗುತ್ತದೆ.

ಮನೆಯ ಮಾತಿನಲ್ಲಿ ಎಷ್ಟು ಲೆಕ್ಕ?

ಜೊತೆಗೆ ನಡೆಯುವುದು ಎಂದರೆ ಏನು? ಮೊದಲನೆಯದು ಮಾತು. ಷಿಕಾಗೊದ ಸೂಸನ್ ಲೆವಿನ್ ಮತ್ತು ಅವರ ತಂಡ 44 ಮನೆಗಳಿಗೆ ಹೋಗಿ, ಮಗುವಿಗೆ 14 ತಿಂಗಳಾದಾಗಿನಿಂದ 30 ತಿಂಗಳಾಗುವವರೆಗೆ, ಐದು ಸಲ ಒಂದೂವರೆ ಗಂಟೆ ಹೊತ್ತು ಮನೆಯ ಮಾತುಕತೆಯನ್ನು ಚಿತ್ರೀಕರಿಸಿತು. ಆ ಏಳೂವರೆ ಗಂಟೆಗಳಲ್ಲಿ ಒಂದು ಮನೆಯಲ್ಲಿ ಸಂಖ್ಯೆಯ ಪದ ಬಂದದ್ದು ಕೇವಲ 4 ಸಲ. ಇನ್ನೊಂದು ಮನೆಯಲ್ಲಿ 257 ಸಲ! 2010ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ಸಂಖ್ಯೆಯ ಮಾತು ಹೆಚ್ಚು ಕೇಳಿದ ಮಕ್ಕಳಿಗೆ ನಾಲ್ಕು ವರ್ಷದ ಹತ್ತಿರ ಬರುವಾಗ ಸಂಖ್ಯೆಯ ಅರ್ಥ ಚೆನ್ನಾಗಿ ಗೊತ್ತಿತ್ತು. ಅದರಲ್ಲೂ ಕಣ್ಣೆದುರು ಇರುವ ವಸ್ತುವನ್ನೇ ಎಣಿಸಿ, ಹೆಸರಿಸಿ ಮಾತಾಡಿದರೆ ಹೆಚ್ಚು ಪ್ರಯೋಜನ ಎಂದು ಮರು ವರ್ಷದ ಅಧ್ಯಯನ ಹೇಳಿತು.

ಇದಕ್ಕೆ ಖರ್ಚು ಉಂಟಾ? ಒಂದು ಪೈಸೆ ಇಲ್ಲ. “ಶರ್ಟ್ ಹಾಕುವ ಬಾ” ಎನ್ನುವ ಬದಲು “ಒಂದು ಕೈ, ಇನ್ನೊಂದು ಕೈ, ಎರಡೂ ಕೈ ಬಂತು” ಎನ್ನಬೇಕು. ಮೆಟ್ಟಿಲು ಹತ್ತುವಾಗ ಎಣಿಸಬೇಕು. ಬಾಗಿಲಿಗೆ ಮೀನು ಬಂದಾಗ ಬಂಗುಡೆಯನ್ನು ಮಗುವಿನ ಎದುರೇ ಎಣಿಸಿ ಪಾತ್ರೆಗೆ ಹಾಕಿಸಬೇಕು. ಪುಂಡಿ ಕಟ್ಟುವಾಗ ಮಗುವನ್ನು ಹತ್ತಿರ ಕೂರಿಸಿ, “ಉಪ್ಪನಿಗೆ ಮೂರು, ಅಜ್ಜಿಗೆ ಎರಡು, ನಿನಗೆ ಒಂದು” ಎಂದು ಬಟ್ಟಲಿಗೆ ಬಡಿಸುವ ನಾಟಕ ಆಡಿಸಬೇಕು. ಇಫ್ತಾರಿಗೆ ಸುಪ್ರ ಹಾಸಿದಾಗ ಪ್ರತಿ ಬಟ್ಟಲಿಗೆ ಒಂದೊಂದು ಖರ್ಜೂರ ಇಡುವ ಕೆಲಸ ಮನೆಯ ಅತಿ ಚಿಕ್ಕವರಿಗೇ ಕೊಡಬೇಕು. ‘ಪ್ರತಿ ವಸ್ತುವಿಗೆ ಒಂದು’ ಎಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಕಲಿಸುವುದಿಲ್ಲ.

“ನಾನು ಓದಿದ್ದು ಏಳನೇವರೆಗೆ ಮಾತ್ರ, ನನಗೆ ಲೆಕ್ಕ ಎಲ್ಲಿ ಬರುತ್ತದೆ?” ಎನ್ನುವ ಉಮ್ಮಂದಿರು ಒಮ್ಮೆ ತಮ್ಮ ಕೈಗಳನ್ನೇ ನೋಡಿಕೊಳ್ಳಲಿ. ನಮ್ಮ ಜಿಲ್ಲೆಯಲ್ಲಿ ಬೀಡಿ ಕಟ್ಟಿ ಸಂಸಾರ ತೂಗಿಸಿದ ತಾಯಂದಿರು ಎಷ್ಟೋ ಮಂದಿ. ಸಾವಿರ ಬೀಡಿಗೆ ಇಷ್ಟು ಎಂಬ ಕೂಲಿ. ಎಣಿಸಿ ಎಣಿಸಿ ಕಟ್ಟು ಮಾಡಬೇಕು, ಒಂದು ಕಡಿಮೆ ಆದರೂ ಬ್ರಾಂಚಿನಲ್ಲಿ ತಕರಾರು. ಮಾತಾಡುತ್ತಲೇ ಕೈ ಎಣಿಸುವ ಆ ಜಾಣ್ಮೆ ಗಣಿತ ಅಲ್ಲದೆ ಮತ್ತೇನು? ಹೊಗೆಸೊಪ್ಪು, ಬೀಡಿ ಎಲೆ ಮಗುವಿನ ಕೈಗೆ ಬೇಡವೇ ಬೇಡ. ಆದರೆ ಆ ಎಣಿಕೆಯ ಅಭ್ಯಾಸ ಮಗುವಿಗೆ ದಾಟಬೇಕು.

ಮಲ್ಲಿಗೆಯ ಲೆಕ್ಕ: ಶಂಕರಪುರದಿಂದ ಮಾಗಳದವರೆಗೆ

ಮನೆಯ ಕೆಲಸದೊಳಗೆ ಎಷ್ಟು ಗಣಿತ ಅಡಗಿದೆ ಎಂದು ನೋಡಲು ಮಲ್ಲಿಗೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ನಮ್ಮ ಮದುವೆ ಮನೆಗಳಿಗೆ ಬರುವ ಶಂಕರಪುರ ಮಲ್ಲಿಗೆಯ ಲೆಕ್ಕ ಎಲ್ಲರಿಗೂ ಗೊತ್ತು. ಬಾಳೆ ನಾರಿನಲ್ಲಿ ಕಟ್ಟಿದ ಒಂದು ಚೆಂಡಿಗೆ ಸುಮಾರು 800 ಮೊಗ್ಗು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಂದರೆ ಅಟ್ಟೆಗೆ ಸುಮಾರು 3,200 ಮೊಗ್ಗು. ದಿನ ದಿನದ ದರ ಅಟ್ಟೆಯ ಮೇಲೆ.

ಘಟ್ಟ ಹತ್ತಿ ಬಯಲುಸೀಮೆಗೆ ಹೋದರೆ ಅಲ್ಲೂ ಮಲ್ಲಿಗೆಯ ಊರುಂಟು. ಈಗಿನ ವಿಜಯನಗರ ಜಿಲ್ಲೆಯ ಹೂವಿನ ಹಡಗಲಿ. ಈ ತಾಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಮೇಲೆ ಮಾಗಳ ಎಂಬ ಊರಿದೆ. ಚಾಲುಕ್ಯರ ಕಾಲದ ಕಲ್ಲಿನ ದೇಗುಲಕ್ಕೆ ಹೆಸರಾದ ಊರು. ಹಿಂದೆ ಈ ಸೀಮೆಯಿಂದ ಹೊಳೆಯ ದಾರಿಯಲ್ಲಿ ಹಂಪಿಗೆ ಹೂ ಹೋಗುತ್ತಿತ್ತು, ಅದಕ್ಕೇ ಹೂವಿನ ಹಡಗಲಿ ಎಂಬ ಹೆಸರು ಬಂತು ಎಂದು ಜನ ಹೇಳುತ್ತಾರೆ. ಉಡುಪಿ ಮಲ್ಲಿಗೆ, ಮೈಸೂರು ಮಲ್ಲಿಗೆಯ ಜೊತೆ ಹಡಗಲಿ ಮಲ್ಲಿಗೆಗೂ ಜಿಐ ಮಾನ್ಯತೆ ಉಂಟು.

ಬಯಲುಸೀಮೆಯಲ್ಲಿ ಕಟ್ಟಿದ ಹೂ ಅಳೆಯುವುದು ಮೊಳ, ಮಾರಿನಲ್ಲಿ. ಎರಡು ಗೇಣು ಸೇರಿದರೆ ಒಂದು ಮೊಳ, ನಾಲ್ಕು ಮೊಳ ಸೇರಿದರೆ ಒಂದು ಮಾರು. ಎರಡೂ ಕೈ ಚಾಚಿದರೆ ಒಂದು ಮಾರು ಆಯಿತು. ಅಳತೆಪಟ್ಟಿ ಬೇಡ, ಮೈಯೇ ಅಳತೆಗೋಲು.

ಈಗ ಪುಟ್ಟ ಮಗುವಿನ ಕಣ್ಣಿನಿಂದ ನೋಡಿ. ಕರಾವಳಿಯಲ್ಲಿ ಎಣಿಕೆ, ಬಯಲಿನಲ್ಲಿ ಅಳತೆ. ಹೂ ಕಟ್ಟುವವರ ಪಕ್ಕ ಕೂತ ಮೂರು ವರ್ಷದ ಮಗು, “ಇತ್ತ ಎರಡು, ಅತ್ತ ಎರಡು” ಎಂದು ಮೊಗ್ಗು ಜೋಡಿಸಿ ಕೊಟ್ಟರೆ ಜೋಡಿಯ ಲೆಕ್ಕ ಬಂತು. ದಾರದ ಉದ್ದವನ್ನು ತನ್ನ ಪುಟ್ಟ ಗೇಣಿನಿಂದ ಅಳೆದರೆ ಆರು ಗೇಣು, ಉಮ್ಮನ ಗೇಣಿನಿಂದ ಅಳೆದರೆ ಮೂರೇ. “ಒಂದೇ ದಾರ, ನನಗೆ ಆರು, ನಿನಗೆ ಮೂರು, ಯಾಕೆ?” ಎಂದು ಮಗು ಕೇಳಿದ ದಿನ ಅಳತೆಯ ದೊಡ್ಡ ಪಾಠ ಮನೆಯೊಳಗೇ ಆಯಿತು. ಕೈ ಚಿಕ್ಕದಾದರೆ ಸಂಖ್ಯೆ ದೊಡ್ಡದಾಗುತ್ತದೆ ಎಂಬುದನ್ನು ಶಾಲೆಯಲ್ಲಿ ಸೆಂಟಿಮೀಟರ್, ಮೀಟರ್ ಎಂದು ಕಲಿಯುವಾಗ ಎಷ್ಟೋ ದೊಡ್ಡ ಮಕ್ಕಳೇ ತಡವರಿಸುತ್ತಾರೆ.

ಹೂ ಇಲ್ಲದ ಮನೆಯಲ್ಲಿ ಚಾಪೆ ಉಂಟು, ಹೊಸ್ತಿಲು ಉಂಟು, ಉಪ್ಪನ ಲುಂಗಿ ಉಂಟು. ಎಷ್ಟು ಗೇಣು, ಎಷ್ಟು ಹೆಜ್ಜೆ ಎಂದು ಅಳೆಯುವ ಆಟಕ್ಕೆ ಇಷ್ಟು ಸಾಕು.

ಯಾವ ಭಾಷೆಯಲ್ಲಿ ಎಣಿಸಬೇಕು?

ತುಂಬಾ ಮಂದಿ ಕೇಳುವ ಪ್ರಶ್ನೆ ಇದು. ಮನೆಯಲ್ಲಿ ಬ್ಯಾರಿ, ನೆರೆಮನೆಯಲ್ಲಿ ತುಳು, ಅಂಗಡಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಮಗುವಿಗೆ ಗೊಂದಲ ಆಗುವುದಿಲ್ಲವಾ?

ಮಗುವಿಗೆ ಅರ್ಥ ತಿಳಿಯುವ ಭಾಷೆಯಲ್ಲೇ ಎಣಿಕೆ ಶುರುವಾಗಬೇಕು. ಅದು ಮನೆಮಾತು. ಅಷ್ಟೇ ಅಲ್ಲ, ನಮ್ಮ ದ್ರಾವಿಡ ಭಾಷೆಗಳ ಎಣಿಕೆಯಲ್ಲಿ ಒಂದು ಸವಲತ್ತೂ ಇದೆ. ಇಂಗ್ಲಿಷಿನ ‘ಇಲೆವನ್, ಟ್ವೆಲ್ವ್’ ಕೇಳಿದರೆ ಅದರೊಳಗೆ ಹತ್ತು ಇದೆ ಎಂದು ಮಗುವಿಗೆ ಗೊತ್ತಾಗುವುದಿಲ್ಲ. ಕನ್ನಡದ ‘ಹನ್ನೊಂದು’ ಬಿಡಿಸಿದರೆ ಹತ್ತು ಮತ್ತು ಒಂದು, ‘ಹದಿಮೂರು’ ಬಿಡಿಸಿದರೆ ಹತ್ತು ಮತ್ತು ಮೂರು. ‘ಇಪ್ಪತ್ತೊಂದು’ ಕೇಳುವಾಗಲೇ ಇಪ್ಪತ್ತೂ ಒಂದೂ ಕಿವಿಗೆ ಬೀಳುತ್ತವೆ. ಕನ್ನಡದ ಹತ್ತು, ತುಳುವಿನಲ್ಲೂ ಬ್ಯಾರಿಯಲ್ಲೂ ‘ಪತ್ತ್’. ಅಕ್ಕತಂಗಿ ಭಾಷೆಗಳಾದ್ದರಿಂದ ಒಂದರಲ್ಲಿ ಕಲಿತದ್ದು ಇನ್ನೊಂದಕ್ಕೆ ಸುಲಭವಾಗಿ ಹಾಯುತ್ತದೆ.

ಹಡಗಲಿ ಕಡೆಯ ಮುಸ್ಲಿಂ ಮನೆಗಳಲ್ಲಿ ಮಾತು ದಖನಿ ಉರ್ದು. ಅಲ್ಲಿನ ಮಗುವಿನ ಕಷ್ಟ ಬೇರೆ. ‘ಉನ್ನೀಸ್, ಇಕ್ಕೀಸ್, ಪಚ್ಚೀಸ್’ ಎಂದು ನೂರರವರೆಗೆ ಹೆಚ್ಚುಕಡಿಮೆ ಪ್ರತಿಯೊಂದನ್ನೂ ಬೇರೆ ಬೇರೆಯಾಗಿಯೇ ನೆನಪಿಡಬೇಕು. ಹಾಗೆಂದು ಆ ಮನೆಯವರು ಮನೆಮಾತು ಬಿಡಬೇಕಾಗಿಲ್ಲ. ಹತ್ತರ ಕಟ್ಟು ಮಾಡಿ, ಬಿಡಿ ಕಡ್ಡಿ ಪಕ್ಕ ಇಟ್ಟು, “ಎರಡು ಹತ್ತು, ಮೇಲೊಂದು, ಇಕ್ಕೀಸ್” ಎಂದು ಕೈಯಲ್ಲಿ ತೋರಿಸಿದರೆ ಆಯಿತು.

ಅಂಕಿಗಳ ವಿಷಯದಲ್ಲಿ ನಮ್ಮ ಮಕ್ಕಳಿಗೆ ಇನ್ನೊಂದು ತೊಡಕು ಉಂಟು. ಶಾಲೆಯಲ್ಲಿ ಒಂದು ಬಗೆಯ ಅಂಕಿ, ಕನ್ನಡ ಪುಸ್ತಕದಲ್ಲಿ ಕನ್ನಡ ಅಂಕಿ, ಮದ್ರಸದ ಪುಸ್ತಕದಲ್ಲಿ ಅರಬಿ ಅಂಕಿ. ಅರಬಿಯಲ್ಲಿ ಬರೆಯುವ ಐದು, ಶಾಲೆಯ ಸೊನ್ನೆಯ ಹಾಗೆಯೇ ದುಂಡಗೆ ಕಾಣುತ್ತದೆ. ಆರು ವರ್ಷದ ಮಗು ಐದರ ಜಾಗದಲ್ಲಿ ಸೊನ್ನೆ ಬರೆದರೆ ಬೈಯುವ ಮೊದಲು ಇದನ್ನು ನೆನಪಿಡಿ. “ಇದು ಮದ್ರಸದ ಐದು, ಇದು ಶಾಲೆಯ ಐದು, ಎರಡೂ ನಿನ್ನ ಒಂದು ಕೈಯ ಬೆರಳಿನಷ್ಟೇ” ಎಂದು ಕೈ ಅಗಲಿಸಿ ತೋರಿಸಿದರೆ ಗೊಂದಲ ಕರಗುತ್ತದೆ.

ಚೆನ್ನೆಮಣೆ ಅಟ್ಟದಿಂದ ಇಳಿಯಲಿ

ಆಟಿ ತಿಂಗಳ ಜಡಿಮಳೆಗೆ ಹೊರಗೆ ಹೋಗಲಾಗದೆ ಅಜ್ಜಿಯಂದಿರು ಆಡುತ್ತಿದ್ದ ಚೆನ್ನೆಮಣೆ ನೆನಪಿದೆಯಾ? ಒಂದು ಬದಿಗೆ ಏಳು, ಇನ್ನೊಂದು ಬದಿಗೆ ಏಳು, ಒಟ್ಟು 14 ಗುಳಿ. ಪ್ರತಿ ಗುಳಿಗೆ ನಾಲ್ಕರಂತೆ 56 ಕಾಯಿ. ಕಾಯಿ ಎತ್ತಿ ಒಂದೊಂದು ಗುಳಿಗೆ ಒಂದೊಂದು ಹಾಕುತ್ತಾ ಹೋಗುವುದೇ ಆಟ. ಗೆಲ್ಮನ್ ಹೇಳಿದ ಮೊದಲ ತಿಳಿವಳಿಕೆ ಇದೇ ಅಲ್ವಾ? ಬಯಲುಸೀಮೆಯಲ್ಲಿ ಇದನ್ನೇ ಅಳಗುಳಿಮಣೆ ಎನ್ನುತ್ತಾರೆ. ಹಂಪಿಯ ಮಂಟಪಗಳ ಕಲ್ಲುಹಾಸಿನ ಮೇಲೆ ಇಂತಹ ಆಟದ ಮಣೆಗಳನ್ನು ಕೊರೆದದ್ದು ಇವತ್ತಿಗೂ ಕಾಣುತ್ತದೆ.

ನಾಲ್ಕು ವರ್ಷದ ಮಗುವಿಗೆ ಪೂರ್ತಿ ನಿಯಮ ಬೇಡ. ಮೊಟ್ಟೆಯ ಟ್ರೇ ಸಾಕು. ಅಂಗಡಿಯ 30 ಮೊಟ್ಟೆಯ ಟ್ರೇಯಲ್ಲಿ ಐದರ ಆರು ಸಾಲು ಇರುತ್ತದೆ. ಒಂದು ಸಾಲನ್ನು ಕತ್ತರಿಸಿ ಕೊಡಿ. ಐದು ಗುಳಿ, ಐದು ಕಾಯಿ. ಮೂರು ತುಂಬಿಸಿದರೆ ಎಷ್ಟು ಖಾಲಿ? ನಾಲ್ಕು ತುಂಬಿಸಿದರೆ? ಕೂಡು, ಕಳೆ ಎಂಬ ಹೆಸರೇ ಹೇಳದೆ ಎರಡೂ ನಡೆಯುತ್ತಿರುತ್ತವೆ.

ಒಂದು ಎಚ್ಚರಿಕೆ ಮಾತ್ರ ಇರಲಿ. ಮೂರು ವರ್ಷದೊಳಗಿನ ಮಕ್ಕಳಿಗೆ ಹುಣಸೆ ಬೀಜ, ಮಂಜೊಟ್ಟಿ, ನೆಲಗಡಲೆ, ಗುಂಡಿ, ಗೋಲಿ ಯಾವುದೂ ಬೇಡ. ಬಾಯಿಗೆ ಹಾಕಿ ಗಂಟಲಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಅವರಿಗೆ ಈರುಳ್ಳಿ, ಲಿಂಬೆ, ಲೋಟ, ಚಮಚದಂತಹ ದೊಡ್ಡ ಸಾಮಾನು ಸಾಕು. ಕಪ್ಪು ಕಣ್ಣಿನ ಕೆಂಪು ಗುಲಗಂಜಿಯನ್ನಂತೂ ಯಾವ ವಯಸ್ಸಿನ ಮಗುವಿಗೂ ಆಡಲು ಕೊಡಬೇಡಿ. ಅದರ ಬೀಜ ಜಗಿದರೆ ಕಡು ವಿಷ.

ಲೂಡೋ, ಹಾವು ಏಣಿಯೂ ಒಳ್ಳೆಯವೇ. ಅಮೆರಿಕದಲ್ಲಿ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಬಡ ಕುಟುಂಬಗಳ ನಾಲ್ಕೈದು ವರ್ಷದ ಮಕ್ಕಳಿಗೆ ಒಂದರಿಂದ ಹತ್ತರವರೆಗೆ ನೇರ ಸಾಲಿನಲ್ಲಿ ಅಂಕಿ ಬರೆದ ಒಂದು ಹಲಗೆ ಆಟ ಆಡಿಸಿದರು. ಎರಡು ವಾರದಲ್ಲಿ ನಾಲ್ಕು ಸಲ, ಸಲಕ್ಕೆ ಕಾಲು ಗಂಟೆಯಷ್ಟು ಹೊತ್ತು. ಅಷ್ಟರಲ್ಲೇ ಆ ಮಕ್ಕಳು ಅಂಕಿ ಗುರುತಿಸುವುದರಲ್ಲಿ, ಎಣಿಸುವುದರಲ್ಲಿ, ಎರಡು ಸಂಖ್ಯೆಗಳಲ್ಲಿ ಯಾವುದು ದೊಡ್ಡದು ಎಂದು ಹೇಳುವುದರಲ್ಲಿ ಮುಂದೆ ಬಂದರು. ಅಂಕಿ ಇಲ್ಲದೆ ಬಣ್ಣ ಮಾತ್ರ ಇದ್ದ ಹಲಗೆಯಲ್ಲಿ ಆಡಿದ ಮಕ್ಕಳಿಗೆ ಆ ಲಾಭ ಸಿಗಲಿಲ್ಲ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಹತ್ತು ಮನೆ ಎಳೆದು, ಒಂದೊಂದರಲ್ಲಿ ಅಂಕಿ ಬರೆದರೆ ನಮ್ಮ ಹಲಗೆಯೂ ತಯಾರು. ಮುಂದೆ ಹೋಗುವಾಗ “ಒಂದು, ಎರಡು” ಎಂದು ಮೊದಲಿನಿಂದ ಹೇಳಿಸದೆ, ನಿಂತ ಮನೆಯಿಂದಲೇ “ಐದು, ಆರು” ಎಂದು ಹೇಳಿಸಬೇಕು. ಗುಟ್ಟು ಇರುವುದು ಅಲ್ಲಿ.

ಆಟ ಆಡಿದರೆ ಮಾತ್ರ ಸಾಕಾ?

ಸಾಲದು. ಇದನ್ನು ಸ್ಪಷ್ಟವಾಗಿ ತೋರಿಸಿದ್ದು ನಮ್ಮ ದೇಶದ್ದೇ ಒಂದು ಅಧ್ಯಯನ. ದೆಹಲಿಯಲ್ಲಿ ಪ್ರಥಮ್ ಸಂಸ್ಥೆಯ 214 ಶಾಲಾಪೂರ್ವ ಕೇಂದ್ರಗಳ ಸುಮಾರು 1,500 ಮಕ್ಕಳಿಗೆ, ಅಂದಾಜಿನಿಂದ ಹೆಚ್ಚು ಕಡಿಮೆ ಹೇಳುವ, ಆಕಾರ ಗುರುತಿಸುವ ಆಟಗಳನ್ನು ನಾಲ್ಕು ತಿಂಗಳು ಆಡಿಸಿದರು. ಈ ಕೆಲಸದಲ್ಲಿ 2019ರ ನೊಬೆಲ್ ಪುರಸ್ಕೃತೆ ಎಸ್ತರ್ ಡುಫ್ಲೊ ಅವರೂ ಇದ್ದರು. 2017ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಫಲಿತಾಂಶ ಏನು? ಮಕ್ಕಳ ಅಂದಾಜಿನ ಶಕ್ತಿ ಹೆಚ್ಚಿತು, ವರ್ಷ ಕಳೆದರೂ ಉಳಿಯಿತು. ಆದರೆ ಒಂದನೇ ತರಗತಿಯ ಲೆಕ್ಕದಲ್ಲಿ ಆ ಮಕ್ಕಳು ಉಳಿದವರಿಗಿಂತ ಮುಂದೆ ಬರಲಿಲ್ಲ. ಆಟಕ್ಕೂ ಶಾಲೆಯ ಅಂಕಿಗೂ ನಡುವೆ ಸೇತುವೆ ಇರಲಿಲ್ಲ.

ಆ ಸೇತುವೆ ಕಟ್ಟುವುದು ಮನೆಯವರ ಕೆಲಸವೂ ಹೌದು. ಮೊದಲು ವಸ್ತು, ಆಮೇಲೆ ಅದರ ಸಂಖ್ಯೆಯ ಹೆಸರು, ಕೊನೆಗೆ ಬರೆದ ಅಂಕಿ. ನಾಲ್ಕು ಲಿಂಬೆ ಇಟ್ಟು ಎಣಿಸಿ, “ಒಟ್ಟು ನಾಲ್ಕು” ಎಂದು ಗಟ್ಟಿಯಾಗಿ ಹೇಳಿ, ಪಕ್ಕದಲ್ಲಿ 4 ಎಂದು ಬರೆದ ಚೀಟಿ ಇಡಿ. ಮರುದಿನ ಚೀಟಿ ಮೊದಲು ತೋರಿಸಿ, ಅಷ್ಟು ಲಿಂಬೆ ತರಲು ಹೇಳಿ. ಈ ಮೂರೂ ಒಂದಕ್ಕೊಂದು ಕೂಡಿಕೊಂಡ ದಿನ ಮಗು ಶಾಲೆಯ ಲೆಕ್ಕಕ್ಕೆ ತಯಾರಾಯಿತು ಎಂದು ತಿಳಿಯಿರಿ.

ವಯಸ್ಸಿಗೆ ತಕ್ಕ ಹಾಗೆ

ಒಂದರಿಂದ ಎರಡು ವರ್ಷ: ಬರೀ ಮಾತು. ಎರಡು ಕಣ್ಣು, ಒಂದು ಮೂಗು, ಎರಡು ಚಪ್ಪಲಿ. ಇನ್ನೊಂದು ಬೇಕಾ? ಮುಗಿಯಿತಾ? ದೊಡ್ಡದು ಯಾವುದು?

ಎರಡರಿಂದ ಮೂರು: “ಒಂದು ಕೊಡು”, “ಎರಡು ಕೊಡು”. ಮೂರಕ್ಕಿಂತ ಮೇಲೆ ಒತ್ತಾಯ ಬೇಡ. ಚಪ್ಪಲಿ ಜೋಡಿಸುವುದು, ಒಗೆದ ಬಟ್ಟೆಯಲ್ಲಿ ಅವರವರದ್ದು ಬೇರೆ ಮಾಡುವುದು.

ಮೂರರಿಂದ ನಾಲ್ಕು: ಪ್ರತಿ ಬಟ್ಟಲಿಗೆ ಒಂದು ಚಮಚ ಇಡುವುದು. ಐದರೊಳಗೆ ಮುಟ್ಟಿ ಎಣಿಸಿ, “ಒಟ್ಟು ಎಷ್ಟು?” ಎಂಬ ಪ್ರಶ್ನೆಗೆ ಉತ್ತರ ಹೇಳುವುದು. ತಪ್ಪಿದರೆ “ಅಲ್ಲ” ಎನ್ನದೆ “ಬಾ, ಇಬ್ಬರೂ ಸೇರಿ ನೋಡುವ” ಎನ್ನಿ.

ನಾಲ್ಕರಿಂದ ಐದು: ಹತ್ತರೊಳಗೆ ಎಣಿಸಿ ತರುವುದು. ಯಾರ ಬಟ್ಟಲಲ್ಲಿ ಹೆಚ್ಚು, ಎಷ್ಟು ಹೆಚ್ಚು? ಎಣಿಸದೆಯೇ ಬೆರಳು ನೋಡಿ ಮೂರು, ನಾಲ್ಕು, ಐದು ಎನ್ನುವುದು. ಹಲಗೆ ಆಟ.

ಐದರಿಂದ ಆರು: ಅಂಕಿ ಗುರುತಿಸುವುದು, ಮರಳಿನಲ್ಲಿ ಬೆರಳಿಂದ ಬರೆಯುವುದು. ಹಿಡಿಸೂಡಿಯ ಕಡ್ಡಿ ತುಂಡು ಮಾಡಿ ಹತ್ತರ ಕಟ್ಟು ಕಟ್ಟುವುದು. ಸಣ್ಣ ನೋಟು, ನಾಣ್ಯ ಕೊಟ್ಟು ಅಂಗಡಿ ಆಟ.

ದಿನಕ್ಕೆ ಹತ್ತು ನಿಮಿಷ ಧಾರಾಳ. ಮಗು ಎದ್ದು ಓಡಿದರೆ ಅಲ್ಲಿಗೇ ಬಿಡಿ. ನಾಳೆಯೂ ಪುಂಡಿ ಆಗುತ್ತದೆ, ನಾಳೆಯೂ ಮೆಟ್ಟಿಲು ಇರುತ್ತದೆ.

ಪೆನ್ಸಿಲಿಗೆ ಅವಸರ ಬೇಡ

ಮೂರು ವರ್ಷಕ್ಕೇ ನೂರರವರೆಗೆ ಬರೆಸುವ ಶಾಲೆಯೇ ಒಳ್ಳೆಯ ಶಾಲೆ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ 2022ರ ಅಕ್ಟೋಬರಿನಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳುವುದು ಬೇರೆಯೇ. ಆರು ವರ್ಷದವರೆಗೆ ಪಠ್ಯಪುಸ್ತಕವೇ ಬೇಡ, ಆಟ, ಕಥೆ, ಹಾಡು, ಆಟಿಕೆಗಳ ಮೂಲಕವೇ ಕಲಿಕೆ ಆಗಬೇಕು ಎನ್ನುತ್ತದೆ ಅದು. ಮೂರನೇ ತರಗತಿ ಮುಗಿಸುವಾಗ ಪ್ರತಿ ಮಗುವಿಗೂ ಓದುವ, ಲೆಕ್ಕ ಮಾಡುವ ಬುನಾದಿ ಸಿಗಬೇಕು ಎಂಬ ಗುರಿಯ ‘ನಿಪುಣ್ ಭಾರತ್’ ಶುರುವಾದದ್ದು 2021ರ ಜುಲೈ 5ರಂದು. ನಮ್ಮ ರಾಜ್ಯದ ಮಟ್ಟಿಗೆ ಇದು ಹೊಸ ವಿಷಯವೇನೂ ಅಲ್ಲ. ಆಡುತ್ತಾ ನಲಿಯುತ್ತಾ ಕಲಿಯುವ ‘ನಲಿ-ಕಲಿ’ 1995ರಲ್ಲೇ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರಕಾರಿ ಶಾಲೆಗಳಲ್ಲಿ ಹುಟ್ಟಿ ರಾಜ್ಯಕ್ಕೆಲ್ಲ ಹರಡಿತು.

ಅಂಗನವಾಡಿಯನ್ನು “ಉಪ್ಪಿಟ್ಟು ತಿನ್ನುವ ಜಾಗ” ಎಂದು ಹಗುರವಾಗಿ ಕಾಣುವುದನ್ನೂ ಬಿಡಬೇಕು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಆರಿಸಿಕೊಂಡದ್ದು ತಿ. ನರಸೀಪುರವನ್ನು. ಮೂರರಿಂದ ಆರು ವರ್ಷದ ಮಕ್ಕಳಿಗೆ ಆಟದ ಮೂಲಕ ಶಾಲಾಪೂರ್ವ ಶಿಕ್ಷಣ ಕೊಡುವುದು ಆ ಯೋಜನೆಯ ಕೆಲಸಗಳಲ್ಲಿ ಒಂದು. ಮಾಗಳದ ಮಗುವಿಗೂ ಉಳ್ಳಾಲದ ಮಗುವಿಗೂ ಈ ಹಕ್ಕು ಒಂದೇ. ಅಂಗನವಾಡಿ ಟೀಚರನ್ನು ವಾರಕ್ಕೊಮ್ಮೆ ಮಾತಾಡಿಸಿ, “ಈ ವಾರ ಏನು ಎಣಿಸಿದಿರಿ?” ಎಂದು ಕೇಳಿ. ಕೇಳುವ ಮನೆಯವರಿದ್ದರೆ ಕಲಿಸುವವರಿಗೂ ಹುರುಪು.

ಐದು ವರ್ಷ ದಾಟಿದ ಮೇಲೂ, ಎಷ್ಟು ಆಡಿಸಿದರೂ ಮೂರು ವಸ್ತು ಎಣಿಸಿ ಕೊಡಲು ಮಗುವಿಗೆ ಆಗದಿದ್ದರೆ ಹೆದರಬೇಡಿ, ಮುಚ್ಚಿಡಲೂ ಬೇಡಿ. ಕೆಲವೊಮ್ಮೆ ತೊಂದರೆ ಕಿವಿಯದ್ದೋ ಕಣ್ಣಿನದ್ದೋ ಆಗಿರುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ಉಚಿತವಾಗಿ ತಪಾಸಣೆ ಮಾಡುವ ವ್ಯವಸ್ಥೆ ಇದೆ. ಆ ದಿನ ಮಗುವನ್ನು ತಪ್ಪದೆ ಕಳುಹಿಸಿ, ನಿಮ್ಮ ಅನುಮಾನವನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ.

ಉಪ್ಪ ದೂರದಲ್ಲಿದ್ದರೆ

ನಮ್ಮ ಎಷ್ಟೋ ಮನೆಗಳಲ್ಲಿ ಮಗುವಿಗೆ ಉಪ್ಪ ಎಂದರೆ ಮೊಬೈಲಿನಲ್ಲಿ ಕಾಣುವ ಮುಖ. ಗಲ್ಫಿನಲ್ಲಿ ಇರಬಹುದು, ಘಟ್ಟದ ಮೇಲೆ ವ್ಯಾಪಾರಕ್ಕೆ ಹೋಗಿರಬಹುದು. “ಊಟ ಆಯ್ತಾ? ಶಾಲೆಗೆ ಹೋದ್ಯಾ?” ಎಂಬಲ್ಲಿಗೆ ಮಾತು ಮುಗಿಯುತ್ತದೆ, ಮಗು ಓಡಿಹೋಗುತ್ತದೆ. ಅದರ ಬದಲು ಉಪ್ಪ ಎರಡು ಕೈಯ ಬೆರಳು ಎತ್ತಿ “ಎಷ್ಟು?” ಎಂದು ಕೇಳಲಿ. ಮುಷ್ಟಿಯಲ್ಲಿ ಮೂರು ನಾಣ್ಯ ತೋರಿಸಿ, ಒಂದನ್ನು ಬೆನ್ನ ಹಿಂದೆ ಅಡಗಿಸಿ, “ಈಗ ಎಷ್ಟು? ಒಂದು ಎಲ್ಲಿ ಹೋಯಿತು?” ಎಂದು ಆಡಿಸಲಿ. ಊರಿಗೆ ಬರಲು ಹತ್ತು ದಿನ ಉಳಿದಾಗ, ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕಿಸಿ, “ಇನ್ನೆಷ್ಟು ದಿನ?” ಎಂದು ಮಗುವಿನ ಬಾಯಿಂದಲೇ ಹೇಳಿಸಲಿ. ಒಂಬತ್ತು, ಎಂಟು, ಏಳು ಎಂದು ಹಿಂದಕ್ಕೆ ಎಣಿಸುವುದು ಕಳೆಯುವ ಲೆಕ್ಕದ ಮೊದಲ ಪಾಠ. ಯಾರಿಗಾಗಿ ಎಣಿಸುತ್ತಿದ್ದೇನೆ ಎಂದು ಗೊತ್ತಿರುವ ಮಗು ಆ ಪಾಠ ಮರೆಯುವುದಿಲ್ಲ.

ಲೆಕ್ಕ ಎಂದರೆ ಹೆದರಿಕೆ ಎಂದು ಯಾವ ಮಗುವೂ ಹುಟ್ಟುವಾಗಲೇ ಕಲಿತು ಬರುವುದಿಲ್ಲ. ಆ ಹೆದರಿಕೆ ಎಲ್ಲೋ ನಡುವೆ, ದೊಡ್ಡವರ ಅವಸರದಿಂದ, ದೊಡ್ಡವರ ಮಾತಿನಿಂದ ಹತ್ತಿಕೊಳ್ಳುತ್ತದೆ. “ನಮ್ಮ ಮನೆಯವರಿಗೆ ಲೆಕ್ಕ ಬರುವುದಿಲ್ಲ” ಎಂಬ ಮಾತನ್ನು ಮಗುವಿನ ಎದುರು ಇವತ್ತಿನಿಂದಲೇ ನಿಲ್ಲಿಸಿ. ಹೂ ಎಣಿಸಿದ, ಮೀನು ಎಣಿಸಿದ, ಬೀಡಿ ಎಣಿಸಿದ, ಗಲ್ಫಿನಿಂದ ಬರುವವರ ದಿನ ಎಣಿಸಿದ ಮನೆಗಳು ನಮ್ಮವು. ಲೆಕ್ಕ ನಮಗೆ ಬರುತ್ತದೆ. ಅದನ್ನು ಆಟದ ಹಾಗೆ ಮಕ್ಕಳ ಕೈಗೆ ದಾಟಿಸುವುದು ಮಾತ್ರ ಬಾಕಿ.